ಗಿನಿಪಿಗ್ ಮೈ ಕೆರೆದುಕೊಳ್ಳುತ್ತಿದೆಯೇ? ಮನೆಯ ಔಷಧಿ ಡಬ್ಬಿ ತೆರೆಯುವ ಮೊದಲು ಇದನ್ನು ಓದಿ



ಈ ವಾರದ ವಿಷಯ ನೋಡಿ ಕೆಲವರಿಗೆ ಆಶ್ಚರ್ಯ ಆಗಬಹುದು. ಬಿಪಿ, ಕೊಲೆಸ್ಟ್ರಾಲ್, ಎದೆನೋವು ಎಂದು ಬರೆಯುವ ಹೃದ್ರೋಗ ತಜ್ಞನಿಗೆ ಗಿನಿಪಿಗ್‌ನ ಚರ್ಮದ ಹುಳುಗಳ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಕಾರಣ ಇದೆ. ಮುಂಬೈ, ಪುಣೆ, ಚೆನ್ನೈನಂಥ ಊರುಗಳಲ್ಲಿ ನಾವೆಲ್ಲ ಇರುವುದು ಒಂದೋ ಎರಡೋ ಕೋಣೆಯ ಫ್ಲ್ಯಾಟಿನಲ್ಲಿ. ನಾಯಿ ಸಾಕಲು ಜಾಗ ಇಲ್ಲ, ವಾಕಿಂಗ್‌ಗೆ ಕರೆದೊಯ್ಯಲು ಸಮಯ ಇಲ್ಲ. ಮಕ್ಕಳು ಹಟ ಹಿಡಿದರೆ ಸಿಗುವ ಸುಲಭದ ಉತ್ತರ ಗಿನಿಪಿಗ್. ಸಣ್ಣ ಪಂಜರ ಸಾಕು, ಕಚ್ಚುವುದು ಅಪರೂಪ, ತೊಡೆಯ ಮೇಲೆ ಕೂರಿಸಿಕೊಂಡರೆ ಗುರ್ರೆನ್ನುತ್ತಾ ಕೂತಿರುತ್ತದೆ. ಹೀಗೆ ನಮ್ಮವರ ಎಷ್ಟೋ ಮನೆಗಳಿಗೆ ಇದು ಬಂದು ಸೇರಿದೆ. ಅದರ ಜೊತೆ ಬರುವ ತುರಿಕೆಯ ಪ್ರಶ್ನೆಗಳು ನನ್ನ ಓಪಿಡಿಯ ತನಕವೂ ಬರುತ್ತಿವೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಪಶುವೈದ್ಯ ಅಲ್ಲ. ಚಿಕಿತ್ಸೆ ಕೊಡಬೇಕಾದವರು ಪಶುವೈದ್ಯರೇ. ಅವರ ಬಳಿಗೆ ನೀವು ಸಮಯಕ್ಕೆ ಸರಿಯಾಗಿ ಹೋಗಲಿ, ಅಲ್ಲಿಯವರೆಗೆ ಮನೆಯಲ್ಲಿ ಅನಾಹುತ ಆಗದಿರಲಿ ಎಂಬುದಷ್ಟೇ ಈ ಲೇಖನದ ಉದ್ದೇಶ. ಇಷ್ಟು ನೆನಪಿಟ್ಟುಕೊಂಡರೆ ಸಾಕು: *ಗಿನಿಪಿಗ್‌ನ ಚರ್ಮದ ಹುಳುಗಳು ಪೂರ್ತಿ ವಾಸಿಯಾಗುತ್ತವೆ. ಜೀವಕ್ಕೆ ಅಪಾಯ ತರುವುದು ನಾವು ಮಾಡುವ ತಡ, ಮತ್ತು ಮನೆಯ ಡಬ್ಬಿಯಿಂದ ತೆಗೆದು ಕೊಡುವ ಔಷಧಿ.*

*ಮೊದಲು ಪ್ರಾಣಿಯನ್ನು ತಿಳಿಯೋಣ*

ಹೆಸರಲ್ಲಿ ಪಿಗ್ ಇದ್ದರೂ ಇದು ಹಂದಿ ಅಲ್ಲ. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತ ಪ್ರದೇಶದ ಮೂಲದ್ದು, ಇಲಿ, ಅಳಿಲುಗಳಂತೆ ದಂಶಕ ವರ್ಗಕ್ಕೆ ಸೇರಿದ್ದು. ಬೆಳೆದ ಪ್ರಾಣಿಯ ತೂಕ ಸುಮಾರು 700 ಗ್ರಾಂನಿಂದ 1200 ಗ್ರಾಂ. ನಮ್ಮ ಹೃದಯ ವಿಶ್ರಾಂತಿಯಲ್ಲಿ ನಿಮಿಷಕ್ಕೆ 60ರಿಂದ 100 ಸಲ ಬಡಿದರೆ ಇದರದ್ದು 230ಕ್ಕೂ ಹೆಚ್ಚು. ಕೈಯಲ್ಲಿ ಹಿಡಿದಾಗ ಎದೆ ಡವಡವ ಎನ್ನುತ್ತದೆಂದು ಗಾಬರಿಯಾಗಬೇಡಿ, ಅದು ಅದರ ಸಹಜ ಬಡಿತ.

ಮೂರು ಗುಣಗಳನ್ನು ನೆನಪಿಡಿ. ಒಂದು, ಇದು ಬೇಟೆಗೆ ಸಿಗುವ ಪ್ರಾಣಿಯಾದ್ದರಿಂದ ಕಾಯಿಲೆಯನ್ನು ಮುಚ್ಚಿಟ್ಟುಕೊಳ್ಳುತ್ತದೆ. ನಮ್ಮ ಕಣ್ಣಿಗೆ ಬೀಳುವಷ್ಟು ಹೊತ್ತಿಗೆ ರೋಗ ಮುಂದುವರಿದಿರುತ್ತದೆ. ಎರಡು, ನಮ್ಮ ಹಾಗೆಯೇ ಇದರ ದೇಹವೂ ವಿಟಮಿನ್ ಸಿ ತಯಾರಿಸಿಕೊಳ್ಳಲಾರದು. ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಎಂಬ ವಿಜ್ಞಾನಿಗಳು 1907ರಲ್ಲಿ ಗಿನಿಪಿಗ್‌ಗಳಿಗೆ ಬರೀ ಧಾನ್ಯ ತಿನ್ನಿಸಿದಾಗ ಅವಕ್ಕೆ ಸ್ಕರ್ವಿ ಬಂತು. ಮನುಷ್ಯರ ಸ್ಕರ್ವಿಯನ್ನು ಅರಿಯಲು ಆ ಪ್ರಯೋಗವೇ ದಾರಿಯಾಯಿತು. ಮೂರು, ಇದರ ಹೊಟ್ಟೆ ನಡೆಯುವುದು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳ ಬಲದ ಮೇಲೆ. ಅವು ಹಾಳಾದರೆ ಪ್ರಾಣಿಯೇ ಹೋಗುತ್ತದೆ. ಮುಂದೆ ಹೇಳುವ ಎಚ್ಚರಿಕೆಗಳೆಲ್ಲ ಈ ಮೂರು ಗುಣಗಳಿಂದಲೇ ಬರುತ್ತವೆ.

*ಚರ್ಮದ ಮೇಲೆ ಇರುವವರು ಯಾರು?*

1. *ಕಜ್ಜಿ ನುಸಿ.* ಇದರ ಹೆಸರು ಟ್ರಿಕ್ಸಾಕಾರಸ್ ಕೇವಿಯೆ. ಊರಿನ ತೆಂಗಿನ ತೋಟಗಳನ್ನು ಕಾಡಿದ ನುಸಿ ಪೀಡೆ ನಿಮಗೆ ನೆನಪಿರಬಹುದು. ಇದೂ ಅಂಥದ್ದೇ ನುಸಿ, ಇಂಗ್ಲಿಷಿನಲ್ಲಿ ಮೈಟ್ ಎನ್ನುತ್ತಾರೆ. ಬರಿಗಣ್ಣಿಗೆ ಕಾಣುವುದಿಲ್ಲ. ಚರ್ಮದೊಳಗೆ ಸುರಂಗ ಕೊರೆದು ಅಲ್ಲೇ ಮೊಟ್ಟೆ ಇಡುತ್ತದೆ. ತುರಿಕೆ ವಿಪರೀತ. ಕತ್ತು, ಭುಜ, ಬೆನ್ನು, ಒಳತೊಡೆಗಳಲ್ಲಿ ಕೂದಲು ಉದುರುತ್ತದೆ, ಚರ್ಮ ದಪ್ಪಗಾಗಿ ಹಳದಿ ಬಣ್ಣದ ಹೊಪ್ಪಳೆ ಕಟ್ಟುತ್ತದೆ. ನಾಲ್ವರಲ್ಲಿ ಅತ್ಯಂತ ಅಪಾಯಕಾರಿ ಇದೇ.

2. *ಕೂದಲ ನುಸಿ.* ಇದು ಚರ್ಮ ಕೊರೆಯುವುದಿಲ್ಲ, ಕೂದಲನ್ನು ಹಿಡಿದುಕೊಂಡು ಇರುತ್ತದೆ. ಸೊಂಟ, ಹಿಂಭಾಗದ ಕೂದಲಲ್ಲಿ ಸಣ್ಣ ಧೂಳಿನ ಹಾಗೆ ಕಾಣುತ್ತದೆ. ಎಷ್ಟೋ ಸಲ ತೊಂದರೆ ಕೊಡುವುದೇ ಇಲ್ಲ.

3. *ಹೇನು.* ತಲೆಹೇನಿನ ಹಾಗೆ ಕಣ್ಣಿಗೆ ಕಾಣುತ್ತದೆ, ಕೂದಲಿಗೆ ಸೀರು ಅಂಟಿರುತ್ತದೆ. ಕಿವಿಯ ಹಿಂದೆ ಹುಡುಕಿ. ಗಿನಿಪಿಗ್‌ನ ಹೇನು ಮಕ್ಕಳ ತಲೆಗೆ ಹತ್ತುವುದಿಲ್ಲ. ಮಗಳ ತಲೆಯಲ್ಲಿ ಹೇನು ಕಂಡರೆ ಅದು ಬೇರೆ ಮಕ್ಕಳ ತಲೆಯಿಂದ ಬಂದದ್ದು, ಪಾಪದ ಪ್ರಾಣಿಯನ್ನು ಬೈಯಬೇಡಿ.

4. *ಹುಳುಕಡ್ಡಿ.* ಹೆಸರಲ್ಲಿ ಹುಳು ಇದ್ದರೂ ಇದು ಹುಳು ಅಲ್ಲ, ಶಿಲೀಂಧ್ರ, ಅಂದರೆ ಫಂಗಸ್. ಸಾಮಾನ್ಯವಾಗಿ ಮೂಗು, ಕಣ್ಣು, ಕಿವಿಯ ಸುತ್ತ ಶುರುವಾಗಿ ದುಂಡಗೆ ಕೂದಲು ಉದುರಿ ಹೊಟ್ಟಿನಂತೆ ಸಿಪ್ಪೆ ಏಳುತ್ತದೆ. ನುಸಿಯ ಔಷಧಿ ಇದಕ್ಕೆ ನಾಟುವುದಿಲ್ಲ, ಇದರ ಔಷಧಿ ನುಸಿಗೆ ನಾಟುವುದಿಲ್ಲ. ಮನುಷ್ಯರಿಗೆ, ಮುಖ್ಯವಾಗಿ ಮಕ್ಕಳಿಗೆ, ಸುಲಭವಾಗಿ ಹರಡುತ್ತದೆ.

ಮನೆಯಲ್ಲಿ ಬೆಕ್ಕೂ ಇದ್ದರೆ ಅದರ ಚಿಗಟ ಇದಕ್ಕೆ ಹತ್ತಬಹುದು.

ಕೂದಲು ಉದುರಿದ್ದೆಲ್ಲ ಹುಳುವಿನಿಂದ ಅಲ್ಲ. ಪ್ರತಿ ಗಿನಿಪಿಗ್‌ಗೂ ಕಿವಿಯ ಹಿಂದೆ ಒಂದು ಬೋಳು ಜಾಗ ಇರುತ್ತದೆ, ಅದು ಹುಟ್ಟಿನಿಂದ ಬಂದದ್ದು. ಹೆಣ್ಣು ಪ್ರಾಣಿಗೆ ತುರಿಕೆಯೇ ಇಲ್ಲದೆ ಎರಡೂ ಪಕ್ಕೆಗಳಲ್ಲಿ ಸಮನಾಗಿ ಕೂದಲು ಉದುರಿದರೆ ಅಂಡಾಶಯದ ಗಡ್ಡೆ ಇರಬಹುದು. ಆದ್ದರಿಂದಲೇ ಕಣ್ಣಂದಾಜಿನ ಮೇಲೆ ಔಷಧಿ ಹಾಕಬಾರದು.

*ಮನೆಯಲ್ಲಿ ಮಾಡಬಹುದಾದ ಪರೀಕ್ಷೆ*

ಕಪ್ಪು ಕಾಗದ ಹಾಸಿ, ಅದರ ಮೇಲೆ ಪ್ರಾಣಿಯನ್ನು ನಿಲ್ಲಿಸಿ, ಸಣ್ಣ ಹಲ್ಲಿನ ಬಾಚಣಿಗೆಯಿಂದ ಹಿಂಭಾಗದ ಕೂದಲನ್ನು ಮೆಲ್ಲಗೆ ಬಾಚಿ. ಉದುರಿದ ಬಿಳಿ ಪುಡಿಯನ್ನು ಒಳ್ಳೆಯ ಬೆಳಕಿನಲ್ಲಿ ಎರಡು ನಿಮಿಷ ನೋಡಿ. ಪುಡಿ ಹರಿದಾಡಿದರೆ ಅದು ಹೇನು ಅಥವಾ ಕೂದಲ ನುಸಿ. ಏನೂ ಹರಿದಾಡಲಿಲ್ಲ ಎಂದು ನಿಶ್ಚಿಂತರಾಗಬೇಡಿ. ಕಜ್ಜಿ ನುಸಿ ಚರ್ಮದೊಳಗೆ ಇರುವುದರಿಂದ ಈ ಪರೀಕ್ಷೆಗೆ ಸಿಗುವುದಿಲ್ಲ.

*ಇವು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ:*

• ಮುಟ್ಟಿದರೆ ಸಾಕು, ಚೀರುತ್ತದೆ ಅಥವಾ ಹುಚ್ಚು ಹಿಡಿದಂತೆ ಕೆರೆದುಕೊಂಡು ಸುತ್ತುತ್ತದೆ
• ಕೆರೆದುಕೊಳ್ಳುತ್ತಾ ಮಗ್ಗುಲಿಗೆ ಬಿದ್ದು ಕೈಕಾಲು ಬಡಿಯುತ್ತದೆ
• ಚರ್ಮದಿಂದ ರಕ್ತ, ಕೀವು
• 12 ಗಂಟೆಗಿಂತ ಹೆಚ್ಚು ಹೊತ್ತು ಏನೂ ತಿಂದಿಲ್ಲ ಅಥವಾ ಹಿಕ್ಕೆ ಹಾಕಿಲ್ಲ
• ಗಬ್ಬದ ಪ್ರಾಣಿಗೆ ತುರಿಕೆ

ಎರಡನೆಯ ಲಕ್ಷಣದ ಬಗ್ಗೆ ಒಂದು ಮಾತು. ಮೊಬೈಲಿನಲ್ಲಿ ವಿಡಿಯೊ ತೋರಿಸಿ "ಹಾರ್ಟ್ ಅಟ್ಯಾಕ್ ಆಯ್ತಾ ಡಾಕ್ಟ್ರೇ?" ಎಂದು ನನ್ನನ್ನು ಕೇಳಿದವರಿದ್ದಾರೆ. ಅದು ಹೃದಯಾಘಾತ ಅಲ್ಲ. ಕಜ್ಜಿ ನುಸಿ ಹೆಚ್ಚಾದಾಗ ತುರಿಕೆಯ ಯಾತನೆಯೇ ಫಿಟ್ಸ್‌ನಂತೆ ತೋರುತ್ತದೆ. ಆಗ ಬಿಗಿಯಾಗಿ ಹಿಡಿಯಬೇಡಿ, ನೀರು ಚಿಮುಕಿಸಬೇಡಿ, ಈರುಳ್ಳಿ ಮೂಸಿಸಬೇಡಿ. ಮೆತ್ತನೆಯ ಬಟ್ಟೆ ಹಾಸಿದ ಡಬ್ಬಿಯಲ್ಲಿ, ಬೆಳಕು ಕಡಿಮೆ ಮಾಡಿ, ಸದ್ದಿಲ್ಲದೆ ಆಸ್ಪತ್ರೆಗೆ ಸಾಗಿಸಿ. ಚಿಕಿತ್ಸೆ ಇಲ್ಲದಿದ್ದರೆ ಊಟ ಬಿಟ್ಟು, ಸೊರಗಿ ಪ್ರಾಣಿ ಸಾಯಬಹುದು. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಹುಡುಕುವ ಸ್ಥಿತಿ ತಂದುಕೊಳ್ಳಬೇಡಿ.

*ಪಶುವೈದ್ಯರು ಏನು ಮಾಡುತ್ತಾರೆ?*

ಚರ್ಮವನ್ನು ಮೆಲ್ಲಗೆ ಕೆರೆದು ಪುಡಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕಜ್ಜಿ ನುಸಿ ಆಳದಲ್ಲಿ ಇರುವುದರಿಂದ ಒಮ್ಮೊಮ್ಮೆ ಸಿಗದೇ ಇರಬಹುದು. "ಏನೂ ಸಿಗಲಿಲ್ಲ, ಆದರೂ ಔಷಧಿ ಕೊಡೋಣ" ಎಂದು ವೈದ್ಯರು ಹೇಳಿದರೆ ಅದು ತಪ್ಪಲ್ಲ, ಲಕ್ಷಣ ನೋಡಿ ಚಿಕಿತ್ಸೆ ಕೊಡುವುದು ಇಲ್ಲಿ ಒಪ್ಪಿತ ಪದ್ಧತಿ. ಹುಳುಕಡ್ಡಿಯ ಅನುಮಾನ ಇದ್ದರೆ ಕೂದಲನ್ನು ಫಂಗಸ್ ಪರೀಕ್ಷೆಗೆ ಕಳುಹಿಸುತ್ತಾರೆ.

ನುಸಿಗೆ ಹೆಚ್ಚಾಗಿ ಬಳಸುವ ಔಷಧಿ ಐವರ್‌ಮೆಕ್ಟಿನ್. ಜಪಾನಿನ ಮಣ್ಣಿನಲ್ಲಿ ಸಿಕ್ಕ ಒಂದು ಬ್ಯಾಕ್ಟೀರಿಯಾದಿಂದ ಹುಟ್ಟಿದ ಔಷಧಿ ಇದು. ಇದರ ಹಿಂದಿನ ಕೆಲಸಕ್ಕಾಗಿ ಸತೋಶಿ ಒಮುರಾ ಮತ್ತು ವಿಲಿಯಂ ಕ್ಯಾಂಪ್‌ಬೆಲ್ ಅವರಿಗೆ 2015ರ ನೊಬೆಲ್ ಪ್ರಶಸ್ತಿಯ ಪಾಲು ಬಂತು. ನುಸಿಯ ನರ ಮತ್ತು ಸ್ನಾಯುಗಳಲ್ಲಿರುವ ಒಂದು ಬಗೆಯ ಬಾಗಿಲನ್ನು ಇದು ತೆರೆದಿಟ್ಟುಬಿಡುತ್ತದೆ. ನುಸಿಗೆ ಲಕ್ವ ಹೊಡೆದಂತಾಗಿ ಸಾಯುತ್ತದೆ. ಸಸ್ತನಿಗಳಲ್ಲಿ ಆ ಬಾಗಿಲು ಇಲ್ಲ. ಅದನ್ನು ಹೋಲುವ ಬಾಗಿಲುಗಳು ಮಿದುಳಿನಲ್ಲಿವೆ, ಆದರೆ ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಔಷಧಿ ಮಿದುಳಿನೊಳಗೆ ಹೆಚ್ಚು ಹೋಗುವುದಿಲ್ಲ. ಪ್ರಮಾಣ ಮೀರಿದರೆ ಅಲ್ಲಿಗೂ ನುಗ್ಗುತ್ತದೆ. ಆಗ ನಡುಕ, ಮಂಪರು, ಸಾವು. ಅತಿಯಾದರೆ ಅಮೃತವೂ ವಿಷ ಎನ್ನುವುದು ಇದಕ್ಕೇ.

*ಒಂದು ಡೋಸ್ ಏಕೆ ಸಾಲದು?* ಐವರ್‌ಮೆಕ್ಟಿನ್ ಬದುಕಿರುವ ನುಸಿಯನ್ನು ಕೊಲ್ಲುತ್ತದೆ, ಮೊಟ್ಟೆಯನ್ನು ಕೊಲ್ಲುವುದಿಲ್ಲ. ಮೊದಲ ಡೋಸ್ ಆದ ಮೇಲೆ ತುರಿಕೆ ಇಳಿಯುತ್ತದೆ, ನಾವು ಸಂತೋಷಪಡುತ್ತೇವೆ, ಎರಡನೆಯದಕ್ಕೆ ಹೋಗುವುದಿಲ್ಲ. ಅಷ್ಟರಲ್ಲಿ ಮೊಟ್ಟೆ ಒಡೆದು ಹೊಸ ನುಸಿಗಳು ಬೆಳೆದು, ತಾವೂ ಮೊಟ್ಟೆ ಇಡುತ್ತವೆ. ಮೊಟ್ಟೆಯಿಂದ ಬೆಳೆದ ನುಸಿಯಾಗುವ ಚಕ್ರ ಸುಮಾರು ಎರಡು ವಾರದ್ದು. ಅದಕ್ಕೇ 7ರಿಂದ 14 ದಿನಗಳ ಅಂತರದಲ್ಲಿ ಎರಡು ಮೂರು ಸಲ, ರೋಗ ಜೋರಾಗಿದ್ದರೆ ಇನ್ನೂ ಒಮ್ಮೆ ಔಷಧಿ ಕೊಡುತ್ತಾರೆ. ಬಿಪಿ ಇಳಿಯಿತು ಎಂದು ಮಾತ್ರೆ ಬಿಡುವವರಿಗೆ ನಾನು ಹೇಳುವ ಮಾತೇ ಇಲ್ಲಿಯೂ ಸಲ್ಲುತ್ತದೆ: ಲಕ್ಷಣ ಹೋದದ್ದು ಬೇರೆ, ರೋಗ ಹೋದದ್ದು ಬೇರೆ.

ಐವರ್‌ಮೆಕ್ಟಿನ್ ಬದಲು ಸೆಲಾಮೆಕ್ಟಿನ್ ಎಂಬ ಔಷಧಿಯನ್ನು ಕತ್ತಿನ ಹಿಂದೆ ಚರ್ಮಕ್ಕೆ ಹನಿಸುವುದೂ ಉಂಟು. ಯಾವುದು, ಎಷ್ಟು ಎಂಬುದನ್ನು ತೂಕ ನೋಡಿ ವೈದ್ಯರು ನಿರ್ಧರಿಸಬೇಕು. ಜೊತೆಗೆ ನೋವಿಗೆ, ಹುಣ್ಣಾಗಿದ್ದರೆ ಸೋಂಕಿಗೆ ಔಷಧಿ ಕೊಡಬಹುದು. *ಮನೆಯಲ್ಲಿ ಎರಡು ಗಿನಿಪಿಗ್ ಇದ್ದು ಒಂದಕ್ಕಷ್ಟೇ ತುರಿಕೆ ಇದ್ದರೂ ಎರಡಕ್ಕೂ ಚಿಕಿತ್ಸೆ ಆಗಬೇಕು.*

*ಮನೆಯ ಔಷಧಿ ಡಬ್ಬಿಯಿಂದ ಇವನ್ನು ಕೊಡಲೇಬೇಡಿ*

*1. ಐವರ್‌ಮೆಕ್ಟಿನ್ 12 ಮಿಲಿಗ್ರಾಂ ಮಾತ್ರೆ.* 2021ರ ಕೋವಿಡ್ ಸಮಯದಲ್ಲಿ ಈ ಮಾತ್ರೆ ಎಷ್ಟೋ ಮನೆಗಳಿಗೆ ಬಂತು. "ಅದೇ ಔಷಧಿ ಅಲ್ವಾ, ಸ್ವಲ್ಪ ಮುರಿದು ಕೊಡೋಣ" ಎಂಬ ಯೋಚನೆ ಬರುವುದು ಸಹಜ. ಲೆಕ್ಕ ನೋಡಿ. ಗಿನಿಪಿಗ್‌ಗೆ ವೈದ್ಯರು ಸಾಮಾನ್ಯವಾಗಿ ಕೊಡುವುದು ಕಿಲೋ ತೂಕಕ್ಕೆ 0.2ರಿಂದ 0.4 ಮಿಲಿಗ್ರಾಂ. ಒಂದು ಕಿಲೋದ ಪ್ರಾಣಿಗೆ ಹೆಚ್ಚೆಂದರೆ 0.4. ನಿಮ್ಮ ಮಾತ್ರೆಯಲ್ಲಿ ಅದರ 30 ಪಟ್ಟು ಇದೆ. ಕಾಲು ಮಾತ್ರೆಯಲ್ಲೂ ಏಳೂವರೆ ಪಟ್ಟು. ದನಕರುಗಳಿಗೆ ಚುಚ್ಚುವ 1 ಪರ್ಸೆಂಟ್ ಇಂಜೆಕ್ಷನ್ ಆದರೆ ಬೇಕಾಗುವುದು 0.04 ಮಿಲಿಲೀಟರ್, ಒಂದು ಹನಿಗಿಂತ ಕಡಿಮೆ. ಕೈ ಸ್ವಲ್ಪ ತಪ್ಪಿದರೂ ಪ್ರಮಾಣ ಎರಡು ಮೂರು ಪಟ್ಟು ಆಗಿಬಿಡುತ್ತದೆ. ಈ ಅಂಕಿಗಳನ್ನು ಕೊಟ್ಟಿರುವುದು ಮನೆಯಲ್ಲಿ ಅಳೆದು ಕೊಡಲಿ ಎಂದಲ್ಲ, ಮನೆಯಲ್ಲಿ ಅಳೆಯಲು ಆಗುವುದಿಲ್ಲ ಎಂದು ತೋರಿಸಲು.

*2. ಅಮಾಕ್ಸಿಸಿಲಿನ್ ಮತ್ತು ಅದರ ಬಂಧುಗಳು.* ಹುಣ್ಣು ಕೀವಾಯಿತು ಎಂದು ಮಗುವಿಗೆ ತಂದು ಉಳಿದ ಆ್ಯಂಟಿಬಯಾಟಿಕ್ ಸಿರಪ್ಪನ್ನು ಎರಡು ಹನಿ ಹಾಕುವವರಿದ್ದಾರೆ. ದಯವಿಟ್ಟು ಬೇಡ. ಪೆನಿಸಿಲಿನ್, ಅಮಾಕ್ಸಿಸಿಲಿನ್, ಆ್ಯಂಪಿಸಿಲಿನ್, ಸೆಫಲೆಕ್ಸಿನ್, ಕ್ಲಿಂಡಾಮೈಸಿನ್, ಎರಿಥ್ರೋಮೈಸಿನ್ ಇವೆಲ್ಲ ಗಿನಿಪಿಗ್‌ನ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಂದು, ವಿಷ ಉಗುಳುವ ಕ್ಲಾಸ್ಟ್ರಿಡಿಯಂ ಬೆಳೆಯಲು ಜಾಗ ಮಾಡಿಕೊಡುತ್ತವೆ. ಭೇದಿಯಾಗಿ ಕೆಲವೇ ದಿನಗಳಲ್ಲಿ ಪ್ರಾಣಿ ಸಾಯುತ್ತದೆ. ಪೆನಿಸಿಲಿನ್ ಗಿನಿಪಿಗ್‌ಗೆ ಮಾರಕ ಎಂಬುದು 1943ರಲ್ಲೇ ಗೊತ್ತಾಗಿತ್ತು. ಸ್ವಾರಸ್ಯವೆಂದರೆ 1940ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಪೆನಿಸಿಲಿನ್‌ನ ಹೆಸರಾಂತ ಪ್ರಯೋಗ ನಡೆದದ್ದು ಇಲಿಗಳ ಮೇಲೆ. ಅಂದು ಗಿನಿಪಿಗ್ ಬಳಸಿದ್ದರೆ ಕೋಟ್ಯಂತರ ಜನರನ್ನು ಉಳಿಸಿದ ಆ ಔಷಧಿಯನ್ನು ವಿಷವೆಂದು ಬದಿಗಿಡುವ ಸಂಭವ ಇತ್ತು. ಇದಕ್ಕೆ ಹೊಂದುವ ಬೇರೆ ಆ್ಯಂಟಿಬಯಾಟಿಕ್‌ಗಳು ಇವೆ, ಪಶುವೈದ್ಯರಿಗೆ ಅವು ಗೊತ್ತು.

*3. ನಾಯಿ, ಬೆಕ್ಕಿನ ಉಣ್ಣೆ ಔಷಧಿ.* ಅಂಗಡಿಯಲ್ಲಿ ಕೇಳಿ ತಂದು ಹನಿಸಬೇಡಿ. ಫಿಪ್ರೋನಿಲ್ ಎಂಬ ಔಷಧಿಯಿಂದ ಮೊಲಗಳು ಫಿಟ್ಸ್ ಬಂದು ಸತ್ತ ಉದಾಹರಣೆಗಳಿವೆ. ಗಿನಿಪಿಗ್‌ಗೂ ಅದು ಬೇಡ.

*4. ಬಿಳಿ ಟ್ಯೂಬಿನ ಮಿಶ್ರ ಕ್ರೀಮ್.* ತುರಿಕೆ ಎಂದರೆ ಮೆಡಿಕಲ್ ಶಾಪಿನಲ್ಲಿ ಸಿಗುವ, ಸ್ಟಿರಾಯ್ಡ್ ಬೆರೆಸಿದ ಕ್ರೀಮ್ ಹಚ್ಚುವ ರೂಢಿ ನಮ್ಮಲ್ಲಿದೆ. ಸ್ಟಿರಾಯ್ಡ್ ತುರಿಕೆಯನ್ನು ಮುಚ್ಚಿಡುತ್ತದೆ, ಒಳಗೆ ನುಸಿಯೂ ಫಂಗಸ್ಸೂ ಹಬ್ಬುತ್ತವೆ. ಹಚ್ಚಿದ್ದನ್ನು ಪ್ರಾಣಿ ನೆಕ್ಕಿ ನುಂಗುತ್ತದೆ ಕೂಡ.

*5. ಅಜ್ಜಿಮದ್ದು.* ಬೇವಿನೆಣ್ಣೆ, ಸೀಮೆಎಣ್ಣೆ, ಕರ್ಪೂರ ಕಾಯಿಸಿದ ಕೊಬ್ಬರಿ ಎಣ್ಣೆ ಇವು ಯಾವುದೂ ಬೇಡ. ಸೀಮೆಎಣ್ಣೆ, ಕರ್ಪೂರ ನೇರ ವಿಷ. ಎಣ್ಣೆ ಯಾವುದೇ ಆಗಲಿ, ಚರ್ಮದೊಳಗಿನ ಸುರಂಗಕ್ಕೆ ಇಳಿಯುವುದಿಲ್ಲ. ನಂಜುನಿವಾರಕ ದ್ರಾವಣ ಬೆರೆಸಿದ ನೀರಿನ ಸ್ನಾನವೂ ಬೇಡ.

*ಅಜ್ಜಿಯ ತುರಿಕೆ ಮತ್ತು ಸ್ಟೆಂಟ್ ಮಾತ್ರೆ*

ನಾನು ಈ ವಿಷಯ ಆರಿಸಿಕೊಳ್ಳಲು ಮುಖ್ಯ ಕಾರಣ ಇಲ್ಲಿದೆ. ಹುಬ್ಬಳ್ಳಿ ಕಡೆಯ ಒಬ್ಬ ಹಿರಿಯರು, ಮಗನ ಮನೆಯಲ್ಲಿ ಇರುವವರು, ಸ್ಟೆಂಟ್ ಹಾಕಿ ನಾಲ್ಕು ತಿಂಗಳಾಗಿತ್ತು. ತಪಾಸಣೆಗೆ ಬಂದಾಗ ಹೇಳಿದರು: "ನಿಮ್ಮ ಗುಳಿಗಿ ನನಗ ಆಗಿ ಬರಂಗಿಲ್ರಿ ಡಾಕ್ಟರ. ಕೈ ಎಲ್ಲಾ ಕಡೀತಾವು. ಎಂಟ ದಿನಾ ಆತು, ಬಿಟ್ಟೇನಿ."

ಎಂಟು ದಿನ. ನನ್ನ ಎದೆ ಧಸಕ್ಕೆಂದಿತು. ಸ್ಟೆಂಟ್ ಹಾಕಿದ ಮೊದಲ ತಿಂಗಳುಗಳಲ್ಲಿ ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆಗಳನ್ನು ತಾವಾಗಿ ನಿಲ್ಲಿಸಿದರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಿ ದೊಡ್ಡ ಹೃದಯಾಘಾತ ಆಗಬಹುದು. ಕೈ ನೋಡಿದೆ. ಮುಂಗೈಯ ಒಳಭಾಗ ಮತ್ತು ಹೊಟ್ಟೆಯ ಮೇಲೆ ಮಾತ್ರ ಕೆಂಪು ಗುಳ್ಳೆಗಳು, ಬೆನ್ನಲ್ಲಿ ಕಾಲಲ್ಲಿ ಏನೂ ಇಲ್ಲ. ಮಾತ್ರೆಯ ಅಲರ್ಜಿ ಸಾಮಾನ್ಯವಾಗಿ ಹೀಗೆ ಜಾಗ ಆರಿಸಿಕೊಂಡು ಬರುವುದಿಲ್ಲ. "ಮನೆಯಲ್ಲಿ ಪ್ರಾಣಿ ಏನಾದರೂ ಇದೆಯಾ ಅಮ್ಮಾ?" ಎಂದೆ. "ಮೊಮ್ಮಗಂದು ಒಂದ ಐತ್ರಿ, ಇಲಿ ಹಂಗ. ಮಧ್ಯಾಹ್ನ ಎಲ್ಲಾರೂ ಹ್ವಾದ್ರ ನಂದ ತೊಡಿ ಮ್ಯಾಲ ಕುಂದರ್ತದ. ಅದಕ್ಕೂ ಕಡೀತದ ಪಾಪ" ಎಂದರು. ಗುಳ್ಳೆ ಬಂದಿದ್ದು ಅವರು ಅದನ್ನು ಅಪ್ಪಿ ಹಿಡಿಯುವ ಜಾಗದಲ್ಲೇ. ಮಾತ್ರೆ ಅಂದೇ ಮತ್ತೆ ಶುರುವಾಯಿತು, ಅವರನ್ನು ಚರ್ಮದ ವೈದ್ಯರಿಗೂ ಪ್ರಾಣಿಯನ್ನು ಪಶುವೈದ್ಯರಿಗೂ ತೋರಿಸಿದರು. ಪ್ರಾಣಿ ಗುಣವಾಗುತ್ತಾ ಬಂದಂತೆ ಅಜ್ಜಿಯ ಕೈಯೂ ತಿಳಿಯಾಯಿತು.

ಆದ್ದರಿಂದ ಮನೆಯ ಹಿರಿಯರಿಗೆ ಓದಿ ಹೇಳಿ: *ಮೈ ತುರಿಸಿದರೆ ಹೃದಯದ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಮೊದಲು ನಿಮ್ಮ ವೈದ್ಯರಿಗೆ ಫೋನ್ ಮಾಡಿ.* ಮಾತ್ರೆಯಿಂದ ಅಲರ್ಜಿ ಆಗುವುದೇ ಇಲ್ಲ ಎಂದಲ್ಲ. ಆದರೆ ಅದನ್ನು ತೀರ್ಮಾನಿಸಿ ಬದಲಿ ಮಾತ್ರೆ ಕೊಡುವುದು ವೈದ್ಯರ ಕೆಲಸ. ವೈದ್ಯರ ಬಳಿ ಹೋದಾಗ ಮನೆಯಲ್ಲಿ ಸಾಕುಪ್ರಾಣಿ ಇದೆ ಎಂಬುದನ್ನು ತಪ್ಪದೆ ಹೇಳಿ.

*ಮನುಷ್ಯರಿಗೆ ಎಷ್ಟು ಅಪಾಯ?*

ಗಿನಿಪಿಗ್‌ನ ಕಜ್ಜಿ ನುಸಿ ನಮ್ಮ ಚರ್ಮಕ್ಕೆ ಬಂದು ಕಚ್ಚಬಲ್ಲದು, ಆದರೆ ಅಲ್ಲಿ ಸಂಸಾರ ಹೂಡಲಾರದು. ಪ್ರಾಣಿಗೆ ಚಿಕಿತ್ಸೆಯಾಗಿ, ಪಂಜರ ಸ್ವಚ್ಛವಾದರೆ ನಮ್ಮ ಗುಳ್ಳೆಗಳು ತಾವಾಗಿ ಇಳಿಯುತ್ತವೆ. ಬೆರಳುಗಳ ಸಂದಿ, ಮಣಿಕಟ್ಟು, ಸೊಂಟದಲ್ಲಿ ರಾತ್ರಿ ಹೊತ್ತು ಜೋರು ತುರಿಕೆ, ಮನೆಮಂದಿಗೆಲ್ಲ ಒಬ್ಬರಾದ ಮೇಲೆ ಒಬ್ಬರಿಗೆ ಬರುತ್ತಿದ್ದರೆ ಅದು ಮನುಷ್ಯರ ಕಜ್ಜಿ, ಅದಕ್ಕೆ ಬೇರೆಯೇ ಚಿಕಿತ್ಸೆ. ದುಂಡನೆಯ, ಅಂಚು ಕೆಂಪಾದ ಕಲೆ ಅಥವಾ ಮಗುವಿನ ತಲೆಯಲ್ಲಿ ಕೂದಲು ಉದುರಿದ ಜಾಗ ಕಂಡರೆ ಹುಳುಕಡ್ಡಿ ಇರಬಹುದು. ಎರಡಕ್ಕೂ ಚರ್ಮದ ವೈದ್ಯರನ್ನು ಕಾಣಿ.

ಸಕ್ಕರೆ ಕಾಯಿಲೆ ಇರುವವರು, ಕಿಡ್ನಿ ಕಸಿ ಆದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಚಿಕಿತ್ಸೆ ಮುಗಿಯುವ ತನಕ ಪ್ರಾಣಿಯನ್ನು ಎತ್ತಿಕೊಳ್ಳುವುದು ಬೇಡ. ಉಳಿದವರು ಉದ್ದ ತೋಳಿನ ಅಂಗಿ ಹಾಕಿಕೊಂಡು ಮುಟ್ಟಿ, ಆಮೇಲೆ ಸೋಪು ಹಾಕಿ ಕೈ ತೊಳೆಯಿರಿ.

*ಪಂಜರ ಮತ್ತು ಊಟ*

ಪ್ರತಿ ಡೋಸ್ ಕೊಡುವ ದಿನ ಪಂಜರವನ್ನೂ ತೊಳೆಯಿರಿ. ಹಾಸಿದ ಕಾಗದ, ಹುಲ್ಲನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ. ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಪಂಜರ, ನೀರಿನ ಬಾಟಲಿಗಳನ್ನು ಕುದಿನೀರು, ಸೋಪಿನಿಂದ ತೊಳೆದು ಪೂರ್ತಿ ಒಣಗಿಸಿ. ಮರದ ಮನೆ, ಆಟಿಕೆಗಳ ಬಿರುಕಲ್ಲಿ ಮೊಟ್ಟೆ ಉಳಿಯಬಹುದು, ಹಳೆಯದನ್ನು ಬಿಸಾಡುವುದೇ ಲೇಸು.

ಪೋಷಣೆ ಕಡಿಮೆಯಾದ, ವಯಸ್ಸಾದ, ಗಾಬರಿಗೊಂಡ ಪ್ರಾಣಿಯಲ್ಲಿ ನುಸಿ ಬೇಗ ಹೆಚ್ಚುತ್ತದೆ. ಆದ್ದರಿಂದ ಊಟವೂ ಚಿಕಿತ್ಸೆಯ ಭಾಗ. ದಿನಕ್ಕೆ ಕಿಲೋ ತೂಕಕ್ಕೆ 10ರಿಂದ 30 ಮಿಲಿಗ್ರಾಂ ವಿಟಮಿನ್ ಸಿ ಬೇಕು. ದೊಣ್ಣೆ ಮೆಣಸಿನಕಾಯಿಯ ಕಾಲು ಭಾಗ, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಆಗೀಗ ಸೀಬೆಹಣ್ಣಿನ ಸಣ್ಣ ಹೋಳು ಕೊಟ್ಟರೆ ಇದು ಬಹುಮಟ್ಟಿಗೆ ಸಿಗುತ್ತದೆ. ಕುಡಿಯುವ ನೀರಿಗೆ ವಿಟಮಿನ್ ಸಿ ಬೆರೆಸುವುದು ಉಪಯೋಗವಿಲ್ಲ, ನೀರಿನಲ್ಲಿ ಅದು ಬೇಗ ಹಾಳಾಗುತ್ತದೆ. ಮುಖ್ಯ ಆಹಾರ ಹುಲ್ಲು. ಪ್ಯಾಕೆಟ್ಟಿನ ಒಣಹುಲ್ಲಿನ ಜೊತೆಗೆ ಗಣಪತಿಗೆ ಏರಿಸುವ ಗರಿಕೆಯನ್ನೂ ಕೊಡಬಹುದು. ಔಷಧಿ ಹೊಡೆಯದ ಜಾಗದ್ದಾಗಿರಲಿ, ಚೆನ್ನಾಗಿ ತೊಳೆದಿರಲಿ. ಅನ್ನ, ಚಪಾತಿ, ಬಿಸ್ಕತ್ತು ಅದರ ಊಟ ಅಲ್ಲ.

*ಪರ ಊರಲ್ಲಿ ವೈದ್ಯರನ್ನು ಹುಡುಕುವುದು*

ನಾಯಿ, ಬೆಕ್ಕು ನೋಡುವ ಎಲ್ಲರೂ ಗಿನಿಪಿಗ್ ನೋಡುವುದಿಲ್ಲ. ಹೋಗುವ ಮೊದಲು ಫೋನಿನಲ್ಲಿ "ಮೊಲ, ಗಿನಿಪಿಗ್ ನೋಡುತ್ತೀರಾ?" ಎಂದು ಕೇಳಿ. ಹತ್ತಿರದಲ್ಲಿ ಯಾರೂ ಸಿಗದಿದ್ದರೆ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಿ. ಮುಂಬೈಯಲ್ಲಿ ಪರೇಲ್, ಚೆನ್ನೈಯಲ್ಲಿ ವೇಪೇರಿ, ಹೈದರಾಬಾದಿನಲ್ಲಿ ರಾಜೇಂದ್ರನಗರ, ನಮ್ಮ ಬೆಂಗಳೂರಿನಲ್ಲಿ ಹೆಬ್ಬಾಳ.

ಭಾಷೆಯ ತೊಡಕು ಇರುವ ಹಿರಿಯರಿಗೆ ಒಂದು ಪದ ಗೊತ್ತಿದ್ದರೂ ಸಾಕು. ನಮ್ಮ ತುರಿಕೆಗೆ ಹಿಂದಿಯಲ್ಲಿ ಖುಜಲಿ, ಮರಾಠಿಯಲ್ಲಿ ಖಾಜ್, ತಮಿಳಿನಲ್ಲಿ ಅರಿಪ್ಪು, ತೆಲುಗಿನಲ್ಲಿ ದುರದ ಎನ್ನುತ್ತಾರೆ. ಇವಿಷ್ಟನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ:

• ಇವತ್ತಿನ ತೂಕ (ಬೇರೆಯಾಗಿ ಇಟ್ಟ ಅಡುಗೆ ತಕ್ಕಡಿಯಲ್ಲಿ ನೋಡಿದ್ದು)
• ವಯಸ್ಸು, ಗಂಡೋ ಹೆಣ್ಣೋ, ಗಬ್ಬದ ಅನುಮಾನ ಇದೆಯೇ
• ತುರಿಕೆ ಶುರುವಾದ ದಿನ, ಹೊಸ ಪ್ರಾಣಿ ತಂದಿದ್ದರೆ ಅದರ ದಿನ
• ಈಗಾಗಲೇ ಹಚ್ಚಿದ, ಕುಡಿಸಿದ ಔಷಧಿ. ಮುಚ್ಚಿಡಬೇಡಿ, ಬೈಯುತ್ತಾರೆಂಬ ಸಂಕೋಚಕ್ಕಿಂತ ಪ್ರಾಣಿಯ ಜೀವ ದೊಡ್ಡದು
• ಮನೆಯಲ್ಲಿ ಯಾರಿಗೆ ಎಲ್ಲಿ ತುರಿಕೆ ಇದೆ

*ಊರಿಗೆ ಹೋಗುವ ಮೊದಲು*

ಮೇ ತಿಂಗಳ ರಜೆ, ದಸರೆ, ಮದುವೆ, ಜಾತ್ರೆ ಎಂದು ನಾವು ಊರಿಗೆ ಹೊರಡುತ್ತೇವೆ. ಚಿಕಿತ್ಸೆ ತಪ್ಪುವುದು ಹೆಚ್ಚಾಗಿ ಆಗಲೇ. ಮೊದಲ ಡೋಸ್ ದಿನವೇ ಉಳಿದ ಡೋಸ್‌ಗಳ ತಾರೀಖು ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಟಿಕೆಟ್ ಬುಕ್ ಆಗಿದ್ದರೆ ವೈದ್ಯರಿಗೆ ಮೊದಲೇ ಹೇಳಿ, ಅವರು ತಾರೀಖು ಹೊಂದಿಸಿಕೊಡುತ್ತಾರೆ. ಪಕ್ಕದ ಮನೆಯವರಲ್ಲಿ ಬಿಟ್ಟುಹೋಗುವುದಾದರೆ ಕಾಯಿಲೆಯ ವಿಷಯ ತಿಳಿಸಿ, ಅವರ ಮನೆಯ ಗಿನಿಪಿಗ್ ಜೊತೆ ಸೇರಿಸದಂತೆ ಹೇಳಿ, ಆಸ್ಪತ್ರೆಯ ಫೋನ್ ನಂಬರ್ ಕೊಟ್ಟು ಹೋಗಿ.

ತುರಿಕೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಇಳಿಯುತ್ತದೆ, ಕೂದಲು ಬರಲು ಇನ್ನೂ ಕೆಲವು ವಾರ ಬೇಕು. ವಾರಕ್ಕೊಮ್ಮೆ ತೂಕ ಬರೆದಿಡುವ ಕೆಲಸವನ್ನು ಮಕ್ಕಳಿಗೇ ಕೊಡಿ. ಪ್ರಾಣಿ ಮುಚ್ಚಿಟ್ಟ ಕಾಯಿಲೆಯನ್ನು ಮೊದಲು ಬಿಟ್ಟುಕೊಡುವುದು ತೂಕ. ಹೊಸ ಗಿನಿಪಿಗ್ ತಂದರೆ ಮೂರು ವಾರ ಬೇರೆ ಪಂಜರದಲ್ಲಿ ಇಟ್ಟು, ತುರಿಕೆ ಇಲ್ಲವೆಂದು ನೋಡಿಕೊಂಡು ಜೊತೆ ಮಾಡಿ.

*ಐದು ಮಾತಲ್ಲಿ:* ತುರಿಕೆ ಕಂಡರೆ ತೂಕ ನೋಡಿ. ಮನೆಯ ಔಷಧಿ ಕೊಡಬೇಡಿ. ಗಿನಿಪಿಗ್ ಬಲ್ಲ ಪಶುವೈದ್ಯರಿಗೆ ತೋರಿಸಿ. ಡೋಸ್ ಪೂರ್ತಿ ಮಾಡಿ, ಪಂಜರ ತೊಳೆಯಿರಿ. ಹಿರಿಯರ ಹೃದಯದ ಮಾತ್ರೆ ನಿಲ್ಲಿಸಬೇಡಿ.

ಗಿನಿಪಿಗ್ ಇರುವ ಮನೆ ನಿಮಗೆ ಗೊತ್ತಿದ್ದರೆ ಅವರಿಗೆ ಇದನ್ನು ಕಳುಹಿಸಿ. ಆ ಮನೆಯಲ್ಲಿ ಅಜ್ಜ, ಅಜ್ಜಿ ಇದ್ದರೆ ಖಂಡಿತ ಕಳುಹಿಸಿ.

ಎಲ್ಲರಿಗೂ ಆರೋಗ್ಯವಿರಲಿ.